ಚೆನ್ನಾಜಮ್ಮನವರ ಕೈಗುಣ

ನನ್ನ ಮದುವೆಯಲ್ಲಿ ಅಚ್ಚು ಮೂಡಲಿಲ್ಲ. ಶಾಸ್ತ್ರದ ಪ್ರಕಾರ ಓಲಗದವರು ಊದುವುದನ್ನು ನಿಲ್ಲಿಸಿದರು, ಗಂಡು ನನ್ನ ಮಣಿಕಟ್ಟು ಹಿಡಿದರು, ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಕೈ ಬಿಟ್ಟಾಗ ನನ್ನ ಮಣಿಕಟ್ಟು ಆಗಷ್ಟೇ ತೊಳೆದಿಟ್ಟ ಲೋಟದ ಹಾಗೆ ಚೊಕ್ಕಟವಾಗಿತ್ತು. "ಗಟ್ಟಿಯಾಗಿ ಹಿಡಿಯೋ ಪ್ರಸಾದು, ಊಟ ಮಾಡಿಲ್ವಾ?" ಎಂದು ನಮ್ಮತ್ತೆ ಚೆನ್ನಾಜಮ್ಮ ಮಗನನ್ನು ಗದರಿದರು. ನನ್ನ ಗಂಡ ಗಟ್ಟಿಯಾಗಿಯೇ ಹಿಡಿದರು. ಹಿಟ್ಟಿನ ಗಿರಣಿ ನಡೆಸುವ ಕೈ, ಬಲಕ್ಕೇನೂ ಕಡಿಮೆಯಿರಲಿಲ್ಲ. ನನಗೆ ಕಚಗುಳಿಯಾಗಿ ನಗು ಬಂತು, ಅಚ್ಚು ಮಾತ್ರ ಬರಲಿಲ್ಲ. ಮದುವೆಗೆ ಮುಂಚೆ ರಾಗಿ ಬೀಸಿಸುವ ನೆಪದಲ್ಲಿ ನಾನು ಬೇಕಾದ್ದಕ್ಕೂ ಬೇಡದ್ದಕ್ಕೂ ಅದೇ ಗಿರಣಿಗೆ ಹೋಗುತ್ತಿದ್ದೆ ಎನ್ನುವುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯೇನೋ ನಡೆಯಿತು, ಆದರೆ ನಮ್ಮತ್ತೆಯ ಬಾಯಲ್ಲಿ ನಾನು "ಅಚ್ಚು ಮೂಡದೆ ಬಂದೋಳು" ಆಗಿ ಉಳಿದೆ. ಸಾರಿಗೆ ಉಪ್ಪು ಹೆಚ್ಚಾದರೂ ಕಾರಣ ಅದೇ, ಹಾಲು ಒಡೆದರೂ ಕಾರಣ ಅದೇ.

ನಮ್ಮೂರಿನ ಸಂಗತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಇಲ್ಲಿ ಒಬ್ಬರ ಕೈ ಇನ್ನೊಬ್ಬರ ಮೈಮೇಲೆ ಬಿದ್ದರೆ ಕೆಲವು ಸಲ ಅಚ್ಚು ಮೂಡುತ್ತದೆ, ಬೆರಳು ಬೆರಳೂ ಬಿಡಿಬಿಡಿಯಾಗಿ, ನೇರಳೆಹಣ್ಣಿನ ಬಣ್ಣದಲ್ಲಿ. ಉರಿಯುವುದಿಲ್ಲ, ಸೋಪು ಹಾಕಿ ಉಜ್ಜಿದರೆ ಹೋಗುವುದೂ ಇಲ್ಲ, ತನ್ನ ಪಾಡಿಗೆ ತಾನು ಮಾಸುತ್ತದೆ. ಪ್ರೀತಿ ಒಳಗಿಳಿದರೆ ಅಚ್ಚು ಮೂಡುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಹೆತ್ತ ತಾಯಿ ಎತ್ತಿಕೊಂಡಾಗ ಮಗುವಿನ ಮೈಮೇಲೆ ಒಂದು ಚುಕ್ಕೆಯೂ ಕಾಣುವುದಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, "ತಾಯಿ ಪ್ರೀತಿ ಒಳಗೇ ಇರತ್ತೆ, ಹೊರಗೆ ಯಾಕೆ ಕಾಣ್ಬೇಕು?" ಎನ್ನುತ್ತಿದ್ದರು. ವಯಸ್ಸಾದ ಗಂಡ ಹೆಂಡಿರ ನಡುವೆ ಮೂಡದಿದ್ದರೆ, "ಬಳಸಿ ಬಳಸಿ ಸವೆದಿದೆ" ಎನ್ನುತ್ತಿದ್ದರು. ಸೂಜಿ ಚುಚ್ಚುವ ನರ್ಸಮ್ಮ ಮಕ್ಕಳ ತೋಳು ಹಿಡಿದರೆ ಕಡುನೇರಳೆ ಅಚ್ಚು ಮೂಡುತ್ತಿತ್ತು, ಆಕೆಗೆ ಮಕ್ಕಳೆಂದರೆ ಅದೆಷ್ಟು ಪ್ರಾಣ ಎಂದು ಊರವರು ಕೊಂಡಾಡುತ್ತಿದ್ದರು. ಇನ್ನು ಕಿವಿ ಹಿಂಡುವ ಲೆಕ್ಕದ ಮೇಷ್ಟ್ರು ಹಾಲಪ್ಪನವರಿಗಂತೂ "ಮಕ್ಕಳ ಬಂಧು" ಎಂಬ ಬಿರುದು ಕೊಟ್ಟು, ಶಾಲು ಹೊದಿಸಿ ಸನ್ಮಾನ ಮಾಡಿದ್ದರು. ಅವತ್ತು ಅವರ ತರಗತಿಯ ಹುಡುಗರೆಲ್ಲ ನೇರಳೆ ಕಿವಿ ಇಟ್ಟುಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು.

ಇಂಥ ಊರಿನಲ್ಲಿ ನಮ್ಮತ್ತೆಯ ಕೈಗುಣ ದೊಡ್ಡ ಹೆಸರು ಮಾಡಿತ್ತು. ಚೆನ್ನಾಜಮ್ಮ ಕೆನ್ನೆ ಹಿಂಡಿದರೆ ಅಚ್ಚು ಮೂಡದ ಮಗುವೇ ಇಲ್ಲ. ಯಾರ ಮನೆಯಲ್ಲಿ ನಾಮಕರಣವಾದರೂ ಮೊದಲು ಇವರಿಗೆ ಹೇಳಿಕಳಿಸುತ್ತಿದ್ದರು. ಇವರು ಹೋಗಿ, ಬಳೆ ಹಿಂದಕ್ಕೆ ಸರಿಸಿಕೊಂಡು, ತೊಟ್ಟಿಲಿಗೆ ಬಾಗಿ ಕೂಸಿನ ಕೆನ್ನೆ ಹಿಂಡುತ್ತಿದ್ದರು. ಕೂಸು ಕಿಟಾರನೆ ಕಿರುಚಿದಷ್ಟೂ ಅಚ್ಚು ಚೆನ್ನಾಗಿ ಮೂಡುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ಇವರಿಗೆ ರವಿಕೆ ಕಣ ಸಿಗುತ್ತಿತ್ತು. ಅವರ ಮದುವೆಯ ಅಚ್ಚಂತೂ ಊರಿನ ಇತಿಹಾಸಕ್ಕೇ ಸೇರಿದ್ದು. ಮಾವನವರು ಮಣಿಕಟ್ಟು ಹಿಡಿದದ್ದೇ ತಡ, ಐದು ಬೆರಳೂ ಒತ್ತಿ ಬರೆದ ಹಾಗೆ ಮೂಡಿ, ಬೀಗರೂಟ ಮುಗಿದು ಚಪ್ಪರ ಬಿಚ್ಚಿದರೂ ಮಾಸಿರಲಿಲ್ಲವಂತೆ. ಪಕ್ಕದ ಬೀದಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರಂತೆ. ಈ ಕಥೆಯನ್ನು ಅವರು ನನಗೆ ಹೇಳದ ಹಬ್ಬವಿಲ್ಲ.

ನಮ್ಮ ಮಗಳು ಜಾಜಿಗೆ ಆಗ ಆರು ವರ್ಷ. ಅವಳ ಎರಡೂ ಕೆನ್ನೆ ಯಾವಾಗಲೂ ನೇರಳೆ. ಒಂದು ಅಚ್ಚು ಮಾಸುವಷ್ಟರಲ್ಲಿ ಇನ್ನೊಂದು ಸಿದ್ಧ. ಶಾಲೆಗೆ ಹೊರಟಾಗ ಒಂದು ಬಲಕ್ಕೆ, ಬಂದಾಗ ಒಂದು ಎಡಕ್ಕೆ, ನೆಂಟರೆದುರು ಎರಡಕ್ಕೂ. ಮನೆಗೆ ಬಂದವರು, "ಪ್ರೀತಿ ಉಂಡು ಬೆಳೀತಿರೋ ಮಗು" ಎಂದು ಮೆಚ್ಚಿಕೊಳ್ಳುತ್ತಿದ್ದರು. ಅತ್ತೆಯ ಬಳೆಯ ಸದ್ದು ಕೇಳಿದರೆ ಸಾಕು, ಜಾಜಿ ಹಿಟ್ಟಿನ ಮೂಟೆಗಳ ಹಿಂದೆ ಮಾಯವಾಗುತ್ತಿದ್ದಳು. ಅವಳಿಗೆ ಕಣ್ಣಾಮುಚ್ಚಾಲೆಯ ಹುಚ್ಚು ಎಂದು ನಾವೆಲ್ಲ ತೀರ್ಮಾನ ಮಾಡಿದ್ದೆವು. ಅತ್ತೆ ಮೂಟೆಯ ಹಿಂದಿನಿಂದ ಅವಳನ್ನು ಎಳೆದು ತಂದು, "ಸಿಕ್ಕಿದೆಯಾ ಕಳ್ಳಿ!" ಎಂದು ಹಿಂಡುತ್ತಿದ್ದರು. ಅದರಲ್ಲಿ ಕಪಟವಿರಲಿಲ್ಲ. ಆ ಮಗುವೆಂದರೆ ಅವರಿಗೆ ಪಂಚಪ್ರಾಣ.

ನಾನು ಊರಿನ ವಾಚನಾಲಯದಲ್ಲಿ ಮಕ್ಕಳ ಕೋಣೆ ನೋಡಿಕೊಳ್ಳುತ್ತೇನೆ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಪುಸ್ತಕ ಓದಿ ಹೇಳುವುದು ನನ್ನ ಕೆಲಸ. ಹೊಸ ಪುಸ್ತಕಗಳು ವರ್ಷಕ್ಕೊಮ್ಮೆ ಗೋಣಿಚೀಲದಲ್ಲಿ ಬರುತ್ತವೆ. ಯಾರು ಕಳಿಸುತ್ತಾರೆ ಎಂದು ನಾನು ವಿಚಾರಿಸಿಲ್ಲ, ವಿಚಾರಿಸಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ. ಆ ವರ್ಷದ ಚೀಲದಲ್ಲಿ ಒಂದು ಅಳಿಲುಮರಿಯ ಪುಸ್ತಕ ಬಂತು. ಅಳಿಲಿನ ಹೆಸರು ಚಿಟಕಿ. ಅದರ ಬಾಲ ಬಲು ಚೆಂದ, ಹಾಗಾಗಿ ಕಾಡಿನಲ್ಲಿ ಎದುರಾದವರೆಲ್ಲ ಒಂದು ಸಲ ಎಳೆದು ನೋಡುತ್ತಾರೆ. ಪುಟ ಪುಟಕ್ಕೂ ಚಿಟಕಿಯ ಮುಖ ಬೇರೆ. ಒಂದರಲ್ಲಿ ಕೋಪ, ಒಂದರಲ್ಲಿ ನಾಚಿಕೆ, ಇನ್ನೊಂದರಲ್ಲಿ ಅಳಬೇಕೋ ನಗಬೇಕೋ ತಿಳಿಯದೆ ಹುಳ್ಳಗಾದ ಮುಖ. ಪುಟದ ಕೊನೆಗೆ ಬಂದಾಗ ಓದುವವರು, "ಚಿಟಕಿ, ಪುಟ ತಿರುಗಿಸಲಾ?" ಎಂದು ಕೇಳಬೇಕು. ಕೆಳಗೆ ಅದರ ಉತ್ತರ ಇರುತ್ತದೆ. "ಹೂಂ" ಎಂದಿದ್ದರೆ ಮುಂದಕ್ಕೆ ಹೋಗಬಹುದು. ಮಕ್ಕಳಿಗೆ ಈ ಆಟ ಹಿಡಿಸಿಬಿಟ್ಟಿತು. ಎಲ್ಲರೂ ಒಟ್ಟಿಗೆ ಕೇಳುವುದು, ಒಟ್ಟಿಗೆ "ಹೂಂ" ಎಂದು ಓದುವುದು, ನಾನು ತಿರುಗಿಸುವುದು.

ಪುಸ್ತಕದ ನಡುವಿನಲ್ಲಿ ಒಂದು ಪುಟದಲ್ಲಿ ಚಿಟಕಿ ತನ್ನ ಬಾಲದಿಂದಲೇ ಮುಖ ಮುಚ್ಚಿಕೊಂಡು ಕೂತಿತ್ತು. ನಾವು ಎಂದಿನಂತೆ ಕೇಳಿದೆವು. ಕೆಳಗೆ "ಈಗ ಬೇಡ" ಎಂದಿತ್ತು. ನಾನು ಸಹಜವಾಗಿ ಪುಟದ ತುದಿಗೆ ಬೆರಳು ಹಾಕಿದೆ.

"ಆಂಟೀ! ಬೇಡ ಅಂತಲ್ಲ!" ಎಂದು ಬಡಗಿಯವರ ಮನೆಯ ತಿಪ್ಪೇಶ ಕೂಗಿದ.

"ಮತ್ತೆ ಕಥೆ ಮುಂದೆ ಹೋಗ್ಬೇಡ್ವೇನೋ?"

"ಅದು ಬೇಡ ಅಂದ್ಮೇಲೆ ಹೆಂಗೆ ಹೋಗತ್ತೆ?"

ಎಲ್ಲರೂ ಅವನ ಪರ. ಪುಸ್ತಕ ಮುಚ್ಚಿಟ್ಟೆ. ಮಾರನೆಯ ದಿನ ತೆಗೆದು ಮತ್ತೆ ಕೇಳಿದೆವು. ಅಚ್ಚಾದ ಅಕ್ಷರ, ಎಲ್ಲಿಗೆ ಹೋಗುತ್ತದೆ, "ಈಗ ಬೇಡ" ಹಾಗೇ ಇತ್ತು. ಬಳೆ ಅಂಗಡಿಯ ನೂರಿ ಪುಟಕ್ಕೆ ಕಿವಿ ಕೊಟ್ಟು ಕೇಳಿಸಿಕೊಂಡು, "ಸುಮ್ನಿದೆ" ಎಂದಳು. ಸುಮ್ಮನಿದ್ದರೆ ಒಪ್ಪಿದ ಹಾಗಲ್ಲವಾ ಎಂದು ನಾನು ಆಸೆಯಿಂದ ಕೇಳಿದೆ. ನನಗೂ ಮುಂದೇನು ಎಂಬ ಕುತೂಹಲ ತಡೆಯಲಾಗುತ್ತಿರಲಿಲ್ಲ. "ಸುಮ್ನಿದ್ರೆ ಸುಮ್ನಿದೆ ಅಂತ ಅಷ್ಟೇ ಆಂಟಿ" ಎಂದು ನನ್ನ ಮಗಳೇ ನನಗೆ ಪಾಠ ಹೇಳಿದಳು. ಆ ಪುಸ್ತಕದ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ, ಮಕ್ಕಳ ಕಾವಲು ಅಷ್ಟು ಬಿಗಿ. ಹಾಂ, ವಾಚನಾಲಯದಲ್ಲಿ ಜಾಜಿಯೂ ನನ್ನನ್ನು ಆಂಟಿ ಎಂದೇ ಕರೆಯುವುದು. ಅಲ್ಲಿ ಎಲ್ಲರೂ ಒಂದೇ ಎಂಬುದು ಅವಳ ಕಾನೂನು.

ಕಥೆ ಮುಂದೆ ಹೋಗದಿದ್ದರಿಂದ ಮಕ್ಕಳ ಕೈ ಖಾಲಿಯಾಯಿತು. ಮಕ್ಕಳ ಕೈ ಖಾಲಿಯಿದ್ದರೆ ಏನಾದರೊಂದು ನಡೆಯಲೇಬೇಕು. ನೂರಿ ತಿಪ್ಪೇಶನ ಕಡೆ ತಿರುಗಿ, "ತಿಪ್ಪೇಶ, ನಿನ್ನ ಮೂಗು ಹಿಡೀಲಾ?" ಎಂದು ಕೇಳಿದಳು. ಅವನು ಮುಖ ಮುಂದೆ ಚಾಚಿ "ಹೂಂ" ಎಂದ. ಹಿಡಿದಳು, ಬಿಟ್ಟಳು, ಮೂಗು ಮೊದಲಿನ ಹಾಗೇ ಇತ್ತು. "ಕಿವಿ?" ಎಂದಳು. ಅವನ ಕಿವಿಗೆ ಹಾಲಪ್ಪ ಮೇಷ್ಟ್ರ ಪ್ರೀತಿ ಸಾಕಷ್ಟು ಸಿಕ್ಕಿತ್ತು. "ಕಿವಿ ಬೇಡ" ಎನ್ನುವಷ್ಟರಲ್ಲಿ ಇವಳು ಹಿಡಿದೇಬಿಟ್ಟಿದ್ದಳು. ಕಿವಿ ನೇರಳೆಯಾಯಿತು. ಎಲ್ಲರೂ ಬಗ್ಗಿ ಆ ಕಿವಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದರು. ಬೆನ್ನು ಮುಟ್ಲಾ, ಹೂಂ, ಅಚ್ಚಿಲ್ಲ. ಜಡೆ ಎಳೀಲಾ, ಬೇಡ, ಆದರೂ ಎಳೀತೀನಿ, ಕತ್ತಿನ ಮೇಲೆ ಅಚ್ಚು. ಭುಜ ಹಿಡೀಲಾ, ಹೂಂ, ಇಲ್ಲ. ಒಬ್ಬ "ಹೂಂ" ಎಂದು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಬೇಡವೆಂದುಕೊಂಡ, ಅವನಿಗೆ ತೆಳುವಾಗಿ ಮೂಡಿತು, ಸುಳ್ಳು ಹೇಳಿದೆ ಎಂದು ಎಲ್ಲರೂ ಅವನನ್ನು ರೇಗಿಸಿದರು. ಊರಿನ ಹಿರೀಕರು ತಲೆತಲಾಂತರದಿಂದ ಕಾಣದಿದ್ದುದನ್ನು ಆ ಮಕ್ಕಳು ಒಂದು ಸಂಜೆಯ ಗಲಾಟೆಯಲ್ಲಿ ಕಂಡುಕೊಂಡರು.

ನಾನು ಕುರ್ಚಿಯಲ್ಲಿ ಕೂತು ನನ್ನ ಮಣಿಕಟ್ಟನ್ನೇ ನೋಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನನ್ನ ತಲೆಗೆ ಕಟ್ಟಿದ್ದ ಅಪವಾದ ಕಳಚಿ ಕೆಳಗೆ ಬಿತ್ತು. ಖುಷಿಗೆ ಎದ್ದು ಕುಣಿಯಬೇಕೆನಿಸಿತು. ಅದರ ಹಿಂದೆಯೇ ಜಾಜಿಯ ಕೆನ್ನೆ ನೆನಪಾಯಿತು, ಹಿಟ್ಟಿನ ಮೂಟೆಗಳು ನೆನಪಾದವು, ಕುಣಿಯುವ ಆಸೆ ಅಲ್ಲೇ ಇಳಿಯಿತು.

ಅವತ್ತು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಕೈ ಮುಂದೆ ಬಂತು. ಜಾಜಿ ಮೂಟೆಯ ಕಡೆ ಓಡಲಿಲ್ಲ. ನಿಂತಲ್ಲೇ ನಿಂತು, ಎರಡೂ ಅಂಗೈಯಿಂದ ಕೆನ್ನೆ ಮುಚ್ಚಿಕೊಂಡು, "ಅಜ್ಜಿ, ಕೆನ್ನೆ ಹಿಂಡೋದು ನಂಗೆ ಬೇಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಪಲ್ಯ ಬೇಡ ಅನ್ನುವ ಹಾಗೆ ಹೇಳಿದ್ದಳು.

"ಏನೇ ಇದು? ಅಜ್ಜೀಗೆ ಬೇಡ ಅನ್ನೋದಾ? ಯಾರೇ ಹೇಳ್ಕೊಟ್ಟಿದ್ದು?" ಎಂದು ಅತ್ತೆ ನನ್ನ ಮುಖ ನೋಡಿದರು.

"ಚಿಟಕಿ" ಎಂದಳು ಜಾಜಿ. ಆಮೇಲೆ ಮಕ್ಕಳು ಏನೇನು ಮಾಡಿ ನೋಡಿದರು, ಎಲ್ಲಿ ಮೂಡಿತು, ಎಲ್ಲಿ ಮೂಡಲಿಲ್ಲ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. "ಬೇಡ ಅಂದಾಗ ಮಾತ್ರ ಬೀಳತ್ತೆ ಅಜ್ಜಿ. ನೀನೂ ಮಾಡಿ ನೋಡು, ಸಕ್ಕತ್ತಾಗಿರತ್ತೆ" ಎಂದು ಸೇರಿಸಿ ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಅತ್ತೆಯ ಕೈ ಇನ್ನೂ ಮುಂದಕ್ಕೇ ಚಾಚಿಕೊಂಡಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನೊಳಗೆ ಸೇರಿಸಿಕೊಂಡರು.

ಊರೆಲ್ಲ ಅದೇ ಮಾತಾಯಿತು. ನರ್ಸಮ್ಮ ಆಸ್ಪತ್ರೆಯ ಹಿಂದೆ ಕೂತು ಗೊಳೋ ಎಂದು ಅತ್ತು, ಆಮೇಲೆ ಮುಖ ತೊಳೆದುಕೊಂಡು ಬಂದು, ಪ್ರತಿ ಮಗುವನ್ನೂ "ಯಾವ ತೋಳಿಗೆ ಚುಚ್ಚಲಿ ಕಂದ?" ಎಂದು ಕೇಳತೊಡಗಿದಳು. ಸೂಜಿ ಹೇಗೂ ತಪ್ಪುವುದಿಲ್ಲ, ತೋಳಾದರೂ ನಮ್ಮದು ಎಂದು ಮಕ್ಕಳು ಅಷ್ಟಕ್ಕೇ ಸಮಾಧಾನಪಟ್ಟುಕೊಂಡರು. ಹಾಲಪ್ಪ ಮೇಷ್ಟ್ರು ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೇ ವಾಚನಾಲಯಕ್ಕೆ ಬಂದರು. "ನೋಡಮ್ಮ ಮಂಗಳ, ಮಕ್ಕಳಿಗೆ ಬೇಡ ಅನ್ನೋದು ಕಲಿಸಿದ್ರೆ ಲೆಕ್ಕಾನೂ ಬೇಡ ಅಂತವೆ. ಆ ಪುಸ್ತಕ ಬೀರುವಿಗೆ ಹಾಕಿ ಬೀಗ ಹಾಕಿಬಿಡಿ" ಎಂದರು. ಲೆಕ್ಕಕ್ಕೂ ಕಿವಿಗೂ ಏನು ಸಂಬಂಧ ಸಾರ್ ಎಂದು ಕೇಳಿದೆ. ಅವರು ಉತ್ತರ ಹೇಳುವ ಬದಲು, ಆ ಅಳಿಲಿಗೆ ಕೊನೆಗೆ ಏನಾಯಿತು ಎಂದು ಪಿಸುದನಿಯಲ್ಲಿ ವಿಚಾರಿಸಿದರು. ಹೊರಡುವಾಗ, "ಚೆನ್ನಾಜಮ್ಮನೋರು ಒಂದು ಮಾತು ಹೇಳಿದ್ರೆ ಊರು ಕೇಳತ್ತೆ, ಅವರ ತೀರ್ಮಾನವೇ ನಮ್ಮ ತೀರ್ಮಾನ" ಎಂದು ಭಾರವನ್ನೆಲ್ಲ ನಮ್ಮ ಮನೆಗೇ ಹಾಕಿ ಹೋದರು.

ನಮ್ಮತ್ತೆ ತೀರ್ಮಾನ ಮಾಡಿಬಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ತಟ್ಟೆಯಿಂದ ಮುಖ ಎತ್ತದೆ, "ಈ ಮನೇಲಿ ಆ ಪುಸ್ತಕದ ಮಾತು ನಡೀಬೇಕು, ಇಲ್ಲ ನನ್ನ ಮಾತು ನಡೀಬೇಕು. ನಾಳೆ ಬೆಳಿಗ್ಗೆಯೊಳಗೆ ಆ ಪುಸ್ತಕಕ್ಕೆ ಬೀಗ ಬೀಳ್ದಿದ್ರೆ ನಾನು ತಂಗಿ ಮನೆಗೆ ಹೋಗ್ತೀನಿ. ಮತ್ತೆ ಬರಲ್ಲ" ಎಂದರು.

ನಾನು ಗಂಡನ ಮುಖ ನೋಡಿದೆ. ಅವರು ಗಿರಣಿಯಿಂದ ನೇರ ಬಂದಿದ್ದರು, ಹುಬ್ಬಿನ ಮೇಲೆಲ್ಲ ಹಿಟ್ಟು. "ಇಬ್ರೂ ಹೇಳೋದ್ರಲ್ಲಿ ನ್ಯಾಯ ಇದೆ" ಎಂದು ಮಜ್ಜಿಗೆಗೆ ಕೈ ಚಾಚಿದರು. ಎಂಥ ಜಗಳದಲ್ಲೂ ಇವರದು ಇದೇ ತೀರ್ಪು.

"ಬೀಗ ಹಾಕಲ್ಲ ಅತ್ತೆ" ಎಂದೆ. ನನಗೆ ಅವರು ಹೋಗುವುದು ಬೇಕಿರಲಿಲ್ಲ. ಅಚ್ಚು ಮೂಡದೆ ಬಂದೋಳು ಎಂದು ಬೈಯುತ್ತಲೇ ನನ್ನ ಬಾಣಂತನದಲ್ಲಿ ನನ್ನನ್ನು ನೆಲಕ್ಕೆ ಕಾಲಿಡಲು ಬಿಡದೆ ನೋಡಿಕೊಂಡ ಹೆಂಗಸು. ಅವರಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿರಲಿಲ್ಲ. ಆದರೆ ಕೆನ್ನೆ ಮುಚ್ಚಿಕೊಂಡು ನಿಂತಿದ್ದ ಮಗುವಿಗೆ ಕೈ ತೆಗಿ ಎಂದು ಹೇಗೆ ಹೇಳಲಿ? "ನೀವು ಹೋಗೋದು ನಂಗೆ ಬೇಡ. ಪುಸ್ತಕಕ್ಕೆ ಬೀಗ ಹಾಕೋದೂ ಬೇಡ" ಎಂದೆ.

"ಎರಡೂ ಬೇಡಾನಾ? ಚೆನ್ನಾಗಿ ಕಲಿತಿದೀಯ" ಎಂದು ಅವರು ಎದ್ದು ಕೈ ತೊಳೆದರು.

ಸೋಮವಾರ ಬೆಳಿಗ್ಗೆ ಅವರು ಬಟ್ಟೆಯ ಚೀಲ ಪಕ್ಕದಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರು. ಬಸ್ಸು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ, ಕೈ ತೋರಿಸಿದರೆ ನಿಲ್ಲಿಸುತ್ತಾರೆ. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ, ಕಣ್ಣು ಮಾತ್ರ ಕಿಟಕಿಯಲ್ಲಿ. ಜಾಜಿ ಕೆದರಿದ ತಲೆಯಲ್ಲಿ, ಬಾಚಣಿಗೆ, ರಿಬ್ಬನ್, ಎಣ್ಣೆ ಬಟ್ಟಲು ಹಿಡಿದುಕೊಂಡು ಜಗುಲಿಗೆ ಹೋದಳು. ಎಂದಿನ ಹಾಗೆ ಅಜ್ಜಿಯ ಮುಂದೆ ಬೆನ್ನು ಮಾಡಿ ಕೂತಳು.

"ಅಜ್ಜಿ, ಜಡೆ."

"ನಿಮ್ಮಮ್ಮನ ಹತ್ರ ಹಾಕಿಸ್ಕೋ. ನಾ ಮುಟ್ಟಲ್ಲ ತಾಯಿ. ನನ್ನ ಕೈ ತಾಗಿದ್ರೆ ಅಚ್ಚು ಬೀಳತ್ತೆ."

"ಜಡೆ ಹಾಕೋವಾಗ ಬೀಳಲ್ಲ."

"ಬೀಳತ್ತೆ. ನಾ ಮುಟ್ಟಿದ್ದೆಲ್ಲ ನಿಂಗೆ ಬೇಡ ತಾನೆ?"

"ಅಯ್ಯೋ ಅಜ್ಜಿ" ಎಂದು ಜಾಜಿ ತಿರುಗಿ ಕೂತಳು. "ಕೆನ್ನೆ ಹಿಂಡೋದು ಬೇಡ ಅಂದೆ. ನೀ ಬೇಡ ಅಂದ್ನಾ? ಅಮ್ಮ ಬಾಚಿದ್ರೆ ಸಿಕ್ಕಲ್ಲಿ ಎಳೀತಾಳೆ. ನೀ ಬಾಚಿದ್ರೆ ನಿದ್ದೆ ಬರತ್ತೆ. ನಿನ್ನೆ ಮೊನ್ನೆ ಅಲ್ಲ, ಯಾವತ್ತೂ ಬಿದ್ದಿಲ್ಲ. ಬೇಕಾದ್ರೆ ನೋಡು."

ಅತ್ತೆ ಎಣ್ಣೆ ಬಟ್ಟಲಿಗೆ ಬೆರಳದ್ದಿದರು. ನೆತ್ತಿಗೆ ತಟ್ಟಿದರು. ಪ್ರತಿ ಸಲವೂ ಕೈ ಎತ್ತಿ ನೋಡುತ್ತಿದ್ದರು. ಕಿವಿಯ ಹಿಂದೆ, ಕತ್ತಿನ ಮೇಲೆ, ಹಣೆಯಲ್ಲಿ, ಎಲ್ಲೂ ಒಂದು ಚುಕ್ಕೆಯಿಲ್ಲ. ಬಾಚಿ, ಬೈತಲೆ ತೆಗೆದು, ಎರಡು ಜಡೆ ಹಾಕಿ ಮೇಲಕ್ಕೆ ಮಡಿಸಿ ಕಟ್ಟಿದರು. ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೋಯಿತು. ಅವರ ಬಾಯಲ್ಲಿ ರಿಬ್ಬನ್ ಇತ್ತು, ಕೈ ತೋರಿಸಲು ಕೈ ಖಾಲಿಯಿರಲಿಲ್ಲ. ಜಾಜಿ ಹೇಳಿದ್ದು ನಿಜ, ಅವಳು ತೂಕಡಿಸುತ್ತಿದ್ದಳು. ಅತ್ತೆಯ ಮುಖದಲ್ಲಿ ನಗುವಿತ್ತು. ದೋಸೆ ಸೀದಿತ್ತು, ಸೀಯಲಿ ಎಂದು ಒಲೆ ಆರಿಸಿ ಹೊರಗೆ ಬಂದೆ.

ಆಗ ಅತ್ತೆಯ ನಗು ಸಣ್ಣಗಾಗಿ ನಿಂತಿತು. ಅವರು ತಮ್ಮ ಬಲಗೈಯನ್ನು ಮುಂದೆ ಹಿಡಿದು, ಬಳೆಗಳನ್ನು ಮೊಣಕೈವರೆಗೆ ಸರಿಸಿ, ಬರಿಯ ಮಣಿಕಟ್ಟನ್ನು ನೋಡುತ್ತಿದ್ದರು.

"ಮಂಗಳ, ಇದು ನಿಜ ಆದ್ರೆ ಅದೂ ನಿಜ ತಾನೆ?" ಎಂದರು.

ಅದು ಎಂದರೆ ಅವರ ಮದುವೆಯ ಅಚ್ಚು.

"ಊರೇ ಬಂದು ನೋಡ್ತು ಕಣೆ. ಚಪ್ಪಾಳೆ ಹೊಡೆದ್ರು. ನಮ್ಮಮ್ಮ ಕಣ್ಣಿಗೆ ಒತ್ಕೊಂಡ್ಲು ಈ ಕೈನ. ನಂಗೆ ಆಗ ಹದಿನೈದೋ ಹದಿನಾರೋ. ಅವರ ಮುಖಾನೂ ಸರಿಯಾಗಿ ನೋಡಿರ್ಲಿಲ್ಲ. ಹಿಂದಿನ ರಾತ್ರಿಯೆಲ್ಲ ಅತ್ತಿದ್ದೆ, ಬೆಳಿಗ್ಗೆ ಅಚ್ಚು ನೋಡಿ, ಓ ನಂಗೂ ಇಷ್ಟ ಇದೆ ಅಂತ ಕಾಣತ್ತೆ, ನಂಗೇ ಗೊತ್ತಾಗಿಲ್ಲ ಅಂದ್ಕೊಂಡೆ." ಅವರು ಬಳೆಗಳನ್ನು ಮತ್ತೆ ಕೆಳಗಿಳಿಸಿಕೊಂಡರು. "ನಿಮ್ಮ ಮಾವ ಕೆಟ್ಟೋರಲ್ಲ. ಆಮೇಲೆ ಆಮೇಲೆ ನಂಗೂ ಹೊಂದ್ಕೊಂಡೋಯ್ತು, ಅವರು ಹೋದಾಗ ಬಿಕ್ಕಿ ಬಿಕ್ಕಿ ಅತ್ತಿದೀನಿ. ಆದ್ರೆ ಅವತ್ತು ನಂಗೆ ಬೇಡ ಇತ್ತು ಮಂಗಳ. ಮೈಮೇಲೆ ಅಷ್ಟು ದಪ್ಪ ಬರೆದಿತ್ತು. ಒಬ್ರೂ ಓದ್ಲಿಲ್ವಲ್ಲೇ."

ನನಗೆ 'ನೀವು ನನ್ನನ್ನು ಅಷ್ಟು ವರ್ಷ ಆಡಿಕೊಂಡಿರಲ್ಲ' ಎಂದು ಚುಚ್ಚುವ ಆಸೆ ಬೆಳಿಗ್ಗೆಯವರೆಗೂ ಇತ್ತು. ಎಲ್ಲಿ ಹೋಯಿತೋ. ಆ ಹದಿನೈದು ವರ್ಷದ ಹುಡುಗಿಯ ಸುತ್ತ ನಿಂತು ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಮೈಯೆಲ್ಲ ಕೋಪ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದು, ಅವರಲ್ಲಿ ಮುಕ್ಕಾಲು ಜನ ಈಗಿಲ್ಲ. ಅತ್ತೆಯ ಪಕ್ಕದಲ್ಲಿ ಕೂತೆ. ಭುಜದ ಮೇಲೆ ಕೈ ಹಾಕಬೇಕೆಂದುಕೊಂಡವಳು, ಹಾಕಲೋ ಬೇಡವೋ ಎಂದು ಮಡಿಲಲ್ಲೇ ಇಟ್ಟುಕೊಂಡೆ.

ತೂಕಡಿಕೆಯಿಂದ ಎದ್ದ ಜಾಜಿಗೆ ಇದಾವುದೂ ಗೊತ್ತಿರಲಿಲ್ಲ. ಜಡೆ ಮುಟ್ಟಿ ನೋಡಿಕೊಂಡು, ಅಜ್ಜಿಯ ಎದುರು ಬಂದು ನಿಂತಳು.

"ಅಜ್ಜಿ, ನಿನ್ನ ತೊಡೆ ಮೇಲೆ ಕೂತ್ಕೊಳ್ಲಾ?"

ಅತ್ತೆ ಅಭ್ಯಾಸಬಲದಿಂದ ಸೀರೆಯ ನೆರಿಗೆ ಸರಿಮಾಡಿ ಜಾಗ ಮಾಡಿಕೊಡತೊಡಗಿದರು. ಅರ್ಧಕ್ಕೆ ಅವರ ಕೈ ನಿಂತಿತು. ಮಗುವಿನ ಮುಖವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಮಗುವನ್ನು ನೋಡಿದರು. ಬಿಸಿ ಹಾಲನ್ನು ತುಟಿಗೆ ತಾಗಿಸಿ ನೋಡುವವರ ಹಾಗೆ, ಬಹಳ ಜೋಪಾನವಾಗಿ ಹೇಳಿದರು.

"ಬೇಡ."

"ಸರಿ" ಎಂದಳು ಜಾಜಿ. ಜಗುಲಿಯಿಂದ ಧುಮುಕಿ, ಬೀದಿಯಾಚೆ ಗೋಲಿ ಆಡುತ್ತಿದ್ದ ತಿಪ್ಪೇಶನ ಕಡೆ ಓಡಿಹೋದಳು. ಮುನಿಸಿಲ್ಲ, ಮುಖ ಊದಿಸಿಕೊಳ್ಳಲಿಲ್ಲ, ತಿರುಗಿ ನೋಡಲೂ ಇಲ್ಲ.

ಅತ್ತೆ ಅವಳು ಹೋದ ಕಡೆಯೇ ನೋಡುತ್ತ ಕೂತರು. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದರೋ ಏನೋ. ಏನೂ ಬೀಳಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು.

"ಹೋಗೇಬಿಟ್ಲಲ್ಲೇ!" ಎಂದರು.

"ಹೂಂ ಅತ್ತೆ."

"ನಾ ಬೇಡ ಅಂದೆ, ಸರಿ ಅಂತು, ಹೋಯ್ತು!"

"ಹೂಂ."

"ಇಷ್ಟೇನಾ?" ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ನಗುತ್ತಿತ್ತು. "ಇಷ್ಟೇನಾ ಮಂಗಳ ಇದು? ಇಷ್ಟು ಸಣ್ಣದಾ?"

"ಇಷ್ಟೇ ಅತ್ತೆ" ಎಂದೆ. ನನಗೂ ಅಳು ಬರುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಜಗುಲಿಯ ಕಂಬ ಹಿಡಿದು ಎದ್ದು ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು.

"ಏ ಜಾಜೀ! ಬಾರೇ ಇಲ್ಲಿ! ಬಂದು ಇನ್ನೊಂದ್ಸಲ ಕೇಳೇ ನನ್ನ!"